ಮುಳುಗುವವರ ಬಳಗ ಮತ್ತು ಸರೋಜಳ ಮೊಣಕಾಲು

ಅರವತ್ತರ ಹೊಸ್ತಿಲಲ್ಲಿ ನಿಂತ ಗಂಡಸು ಹೊಸ ಗೆಳೆಯರನ್ನು ಹುಡುಕಿಕೊಂಡು ಹೊರಡುವುದಿದೆಯಲ್ಲ, ಅದು ಹರೆಯದಲ್ಲಿ ಹೆಣ್ಣು ನೋಡಲು ಹೋಗುವುದಕ್ಕಿಂತ ಕಷ್ಟದ ಕೆಲಸ. ಹೆಣ್ಣು ನೋಡಲು ಹೋದಾಗ ಮಾತಾಡುವುದಕ್ಕೆ ಸೋದರಮಾವ ಇರುತ್ತಾನೆ, ನಾವು ತಲೆ ತಗ್ಗಿಸಿ ಕೊಟ್ಟಿದ್ದನ್ನು ತಿಂದರೆ ಸಾಕು. ಗೆಳೆತನ ಬೇಡುವಾಗ ನಮ್ಮ ಮಾತನ್ನು ನಾವೇ ಆಡಬೇಕು. ನನಗೋ ಮೂವತ್ತೊಂದು ವರ್ಷ ಮಾತಾಡುವ ಪ್ರಸಂಗವೇ ಬಂದಿರಲಿಲ್ಲ. ಮನೆಯ ಮಾತನ್ನೆಲ್ಲ ಹೆಂಡತಿ ಸರೋಜಾ ಗುತ್ತಿಗೆ ಹಿಡಿದಿದ್ದಳು. ನಾನು ನಡುನಡುವೆ 'ಹೂಂ' ಎನ್ನುವ ಕೂಲಿಯಾಳು. ಹೋದ ವರ್ಷ ಅವಳು ತೀರಿಕೊಂಡಳು. 'ಹೂಂ' ಮಾತ್ರ ನನ್ನ ಹತ್ತಿರ ಉಳಿಯಿತು. ಬರೀ 'ಹೂಂ' ಇಟ್ಟುಕೊಂಡು ಯಾರೊಡನೆ ಎಷ್ಟು ಹೊತ್ತು ಮಾತಾಡಲು ಬರುತ್ತದೆ, ನೀವೇ ಹೇಳಿ.

ವಾರದ ದಿನಗಳು ಹೇಗೋ ಕಳೆಯುತ್ತಿದ್ದವು. ಬೆಟಗೇರಿಯ ಸೀರೆ ಅಂಗಡಿಯಲ್ಲಿ ನನಗೊಂದು ಗಾದಿ ಉಂಟು. ದಿನಕ್ಕೆ ನೂರು ಸೀರೆ ಬಿಚ್ಚಿ ತೋರಿಸಿ ತೊಂಬತ್ತೆಂಟು ಮಡಚಿಡುತ್ತೇನೆ. ಕಷ್ಟವೆಲ್ಲ ಭಾನುವಾರದ್ದು. ಅಂದು ಮನೆ ಎಷ್ಟು ಸುಮ್ಮನಿರುತ್ತಿತ್ತೆಂದರೆ ನಾನು ಅಡುಗೆಮನೆಗೆ ಹೋಗಿ, ಒಳಗೆ ಏನೂ ಹಾಕದೆ, ಮಿಕ್ಸರ್ ಚಾಲೂ ಮಾಡಿ ನಿಲ್ಲುತ್ತಿದ್ದೆ. ಭಾನುವಾರ ಆ ಹೊತ್ತಿಗೆ ಅವಳು ಶೇಂಗಾ ಚಟ್ನಿ ರುಬ್ಬುತ್ತಿದ್ದಳು. ಆ ಸದ್ದಿನ ಮೇಲೆ ಕೂಗಿ ನನ್ನನ್ನು ಬೈಯುತ್ತಿದ್ದಳು.

ಸಂಗಾತಕ್ಕಾಗಿ ನಾನು ಪ್ರಯತ್ನ ಮಾಡಲಿಲ್ಲ ಎನ್ನಬೇಡಿ. ಬೆಳಗಿನ ವಾಕಿಂಗ್ ಮಂಡಳಿ ಸೇರಿದೆ. ಅಲ್ಲಿ ಸಕ್ಕರೆ ಕಾಯಿಲೆ ಇಲ್ಲದವರಿಗೆ ಬೆಲೆ ಇಲ್ಲ. ಭಜನೆಗೆ ಹೋದೆ. ಕೈಗೆ ತಾಳ ಕೊಟ್ಟರು, ಎರಡನೆಯ ಪದಕ್ಕೇ ಮೆಲ್ಲಗೆ ವಾಪಸು ಇಸಿದುಕೊಂಡರು. ಅದನ್ನೂ ಸಹಿಸುತ್ತಿದ್ದೆ. ಆದರೆ ಎಲ್ಲಿ ಹೋದರೂ ನನ್ನನ್ನು ಕಂಡ ಕೂಡಲೆ ಜನ ದನಿ ತಗ್ಗಿಸಿ "ಪಾಪ" ಎನ್ನುತ್ತಿದ್ದರು. ಚಹಾದ ಅಂಗಡಿಯಲ್ಲಿ ಪಾಪ, ಕ್ಷೌರದ ಅಂಗಡಿಯಲ್ಲಿ ಪಾಪ. ನನ್ನ ಹೆಸರು ವಿರೂಪಾಕ್ಷಪ್ಪ ಎಂಬುದು ಊರಿಗೆ ಮರೆತೇ ಹೋದಂತಿತ್ತು.

ಕೊನೆಗೆ ಮಿಕ್ಸರ್ ಸುಟ್ಟಿತು. ಅದನ್ನು ಚೀಲದಲ್ಲಿ ಹಾಕಿಕೊಂಡು ಗದಗಿನ ಇನ್ನೊಂದು ತುದಿಯಲ್ಲಿರುವ ಇಮಾಮಸಾಬನ ಮೋಟರ್ ರಿವೈಂಡಿಂಗ್ ಅಂಗಡಿಗೆ ಹೋದೆ. ಒಳಗೆ ಕಾಲಿಟ್ಟವನು ಚೀಲ ಕೈಬಿಟ್ಟೆ. ತೊಲೆಗೆ ಕರ್ರಗಿನ ಒಬ್ಬ ಮನುಷ್ಯ ಜೋತಾಡುತ್ತಿದ್ದ!

"ಹೆದರಬ್ಯಾಡ್ರಿ ಕಾಕಾ, ಅದು ನನ್ನ ಅಂಗಿ," ಎಂದು ಇಮಾಮಸಾಬ ನಕ್ಕ. "ನೀರಾಗ ಮುಳುಗುವಾಗ ಹಾಕ್ಕೊಳ್ಳೋ ರಬ್ಬರ್ ಅಂಗಿ. ಒಣಾಕ ಹಾಕೇನಿ." ಆಮೇಲೆ ಮಿಕ್ಸರ್ ಬಿಚ್ಚಿ ಮೂಸಿ ನೋಡಿದ. "ಏನು ರುಬ್ಬಿದ್ರಿ ಇದರಾಗ?"

"ಏನೂ ಇಲ್ಲ."

"ಏನೂ ಇಲ್ಲದ ತಿರುವಿದ್ರ ಸುಡತೈತ್ರಿ," ಎಂದ. ಯಾಕೆ ತಿರುವಿದಿರಿ ಎಂದು ಕೇಳಲಿಲ್ಲ. ಅಷ್ಟಕ್ಕೇ ನನಗೆ ಆ ಮನುಷ್ಯ ಹಿಡಿಸಿಬಿಟ್ಟ.

ಬಾವಿಯಲ್ಲಿ ಸಿಕ್ಕಿಬಿದ್ದ ಪಂಪುಗಳನ್ನು ಮುಳುಗಿ ತೆಗೆಯುತ್ತಿದ್ದ ಇಮಾಮಸಾಬ, ಕರಾವಳಿಗೆ ಹೋಗಿ ಸ್ಕೂಬಾ ಡೈವಿಂಗ್ ಕಲಿತು, ಕಲಿಸುವ ಪರವಾನಗಿಯನ್ನೂ ಪಡೆದು ಬಂದಿದ್ದನಂತೆ. ಈಗ ಹತ್ತು ಜನರ ಬಳಗ ಕಟ್ಟಿದ್ದಾನೆ. ಪ್ರತಿ ಭಾನುವಾರ ಈಜುಕೊಳದಲ್ಲಿ ಅಭ್ಯಾಸ, ಕೈ ಪಳಗಿದ ಮೇಲೆ ಶಿಗ್ಲಿಯ ಹೊಲವೊಂದರ ದೊಡ್ಡ ಬಾವಿ, ವರ್ಷಕ್ಕೊಮ್ಮೆ ಸಮುದ್ರ. ನಲ್ಲಿಗೆ ನೀರು ಬಂದ ದಿನ ಅಂಗಡಿಗೆ ರಜೆ ಹಾಕಿ ಕೊಡ ತುಂಬಿಸುವ ಊರು ನಮ್ಮದು. ಇಂಥ ಊರಲ್ಲಿ ನೀರಿನೊಳಗೆ ಮುಳುಗುವವರದೊಂದು ಬಳಗ! "ನನ್ನ ವಯಸ್ಸಿನವರನ್ನ ಸೇರಿಸ್ಕೋತೀರೇನು?" ಎಂದೆ. "ಉಸಿರಾಡತೀರಿಲ್ಲೋ? ಡಾಕ್ಟರ್ ಚೀಟಿ ತರ್ರಿ, ಅಷ್ಟ ಸಾಕು," ಎಂದ.

ಡಾಕ್ಟರು ಚೀಟಿ ಕೊಟ್ಟರು. ಭಾನುವಾರ ಹೋದರೆ ಕೊಳದ ಕಟ್ಟೆಯ ಮೇಲೆ ಗಿರಿಜಾ ಮೇಡಂ ಅರ್ಜಿ ಹಿಡಿದು ಕೂತಿದ್ದರು. ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ಬಳಗದ ಕಾರ್ಯದರ್ಶಿ. ಹೆಸರು, ವಯಸ್ಸು, ರೋಗರುಜಿನ ಎಲ್ಲ ಬರೆದೆ. ಆಮೇಲೆ 'ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು' ಎಂದಿತ್ತು. ಗ್ಯಾಸಿನ ಕಚೇರಿ, ಬ್ಯಾಂಕು, ರೇಷನ್ನು ಎಂದು ಮೂವತ್ತೊಂದು ವರ್ಷ ಒಂದೇ ಹೆಸರು ಬರೆದ ಕೈ, ನನ್ನನ್ನು ಕೇಳದೆ ಸರೋಜಾ ಎಂದು ಬರೆದು ಅವಳ ನಂಬರನ್ನೂ ಬರೆದುಬಿಟ್ಟಿತು. ಆ ಫೋನು ಇನ್ನೂ ಮನೆಯ ಗೂಡಿನಲ್ಲಿದೆ. ದಿನಾ ಚಾರ್ಜಿಗೆ ಹಾಕುತ್ತೇನೆ, ತಿಂಗಳು ತಿಂಗಳು ರೀಚಾರ್ಜ್ ಮಾಡಿಸುತ್ತೇನೆ. ಯಾಕೆಂದು ಅಂಗಡಿಯವನು ಕೇಳಿಲ್ಲ, ನಾನೂ ಕೇಳಿಕೊಂಡಿಲ್ಲ. ಅರ್ಜಿ ವಾಪಸು ಇಸಿದುಕೊಳ್ಳುವಷ್ಟರಲ್ಲಿ ಮೇಡಂ ಓದಿ, "ಅಕ್ಕಾರನ್ನೂ ಕರ್ಕೊಂಡು ಬರಬೇಕಿತ್ತಲ್ರಿ!" ಎಂದರು.

ಆಗ ನಿಜ ಹೇಳಬೇಕಿತ್ತು. ಆದರೆ ಹೇಳಿದರೆ ಮುಂದಿನ ಮಾತು 'ಪಾಪ' ಎಂಬುದು ನನಗೆ ಗೊತ್ತಿತ್ತು. "ಅಕೀಗೆ ಮೊಣಕಾಲು ನೋವ್ರಿ," ಎಂದೆ.

ಸರೋಜಳಿಗೆ ಮೊಣಕಾಲು ನೋವು ಎಂದೂ ಬಂದಿರಲಿಲ್ಲ. ಲಕ್ಕುಂಡಿಯ ಬಾವಿಯ ಮೆಟ್ಟಿಲುಗಳನ್ನು ಇಳಿದು ಹತ್ತಿ ಬಂದು, ಮೇಲೆ ಏದುಸಿರು ಬಿಡುತ್ತ ಕೂತ ನನ್ನನ್ನು ನೋಡಿ ನಗುವ ಹೆಂಗಸು ಅವಳು. ಆದರೆ ಮುಂದಿನ ಭಾನುವಾರ ಗಿರಿಜಾ ಮೇಡಂ ಒಂದು ಬಾಟಲಿ ಎಣ್ಣೆ ತಂದರು. ಅವರ ತಾಯಿ ಬೇರು ಸೊಪ್ಪು ಹಾಕಿ ಕಾಸಿದ್ದು. ಅದರ ಮುಂದಿನ ವಾರ "ಹೆಂಗದಾರ್ರಿ?" ಎಂದು ಕೇಳಿದರು. "ಸ್ವಲ್ಪ ಕಡಿಮಿ ಐತ್ರಿ" ಎಂದೆ. ಎರಡನೆಯ ಬಾಟಲಿ ಬಂತು. ನಾಲ್ಕನೆಯ ಬಾಟಲಿಯ ಹೊತ್ತಿಗೆ ಸರೋಜಾ ಗುಡಿಯವರೆಗೆ ನಡೆದು ಹೋಗಿ ಬರುತ್ತಿದ್ದಳು. ಸತ್ತ ಮೇಲೆ ಇಷ್ಟು ಬೇಗ ಚೇತರಿಸಿಕೊಂಡ ಹೆಂಡತಿ ಗದಗ-ಬೆಟಗೇರಿಯಲ್ಲಿ ಇನ್ನೊಬ್ಬಳಿರಲಾರಳು. ನಗಬೇಡಿ. ಇಡೀ ಊರಲ್ಲಿ ಸರೋಜಾ ಬದುಕಿದ್ದದ್ದು ಆ ಕೊಳದ ಕಟ್ಟೆಯೊಂದರ ಮೇಲೆ. ಅವಳನ್ನು ಅಲ್ಲಿಂದಲೂ ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಇನ್ನು ನನ್ನ ಮುಳುಗುವಿಕೆಯ ಕಥೆ. ನಾನು ಹುಟ್ಟಿದ್ದು ನೇಕಾರರ ಮನೆಯಲ್ಲಿ. ನಲವತ್ತು ದಾಟುವವರೆಗೆ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಎಡಬಲ ಹಲಗೆ ತುಳಿದವನು. ಬಾತುಕೋಳಿಯ ಪಾದದಂಥ ರಬ್ಬರನ್ನು ಕಟ್ಟಿ ನೀರಿಗೆ ಬಿಟ್ಟರೆ ಕಾಲು ಮತ್ತೇನು ಮಾಡೀತು? ಮೊಣಕಾಲು ಮಡಚಿ ಎಡ ತುಳಿಯಿತು, ಬಲ ತುಳಿಯಿತು. ಉಳಿದವರೆಲ್ಲ ಮೀನಿನಂತೆ ಮುಂದೆ ಹೋದರು, ನಾನು ಇದ್ದಲ್ಲೇ ಕೂತು ಕಾಣದ ಸೀರೆಯೊಂದನ್ನು ನೇಯುತ್ತಿದ್ದೆ. "ಕಾಕಾ, ಪತ್ತಲ ಆಮ್ಯಾಲ ನೇಯುವಂತ್ರಿ, ಮದಲ ಮುಂದ ಬರ್ರಿ!" ಎಂದು ಇಮಾಮಸಾಬ ಕೂಗುತ್ತಿದ್ದ. ನೀರಿನೊಳಗಿನ ಸನ್ನೆ ಇನ್ನೊಂದು ಫಜೀತಿ. 'ಎಲ್ಲ ಚಲೋ ಐತಿ' ಎಂದು ನಾನು ಹೆಬ್ಬೆರಳು ಎತ್ತಿದರೆ, ಅವರ ಲೆಕ್ಕದಲ್ಲಿ ಅದು 'ಮೇಲೆ ಹೋಗೋಣ' ಎಂದಂತೆ. ಖುಷಿಯಾದಾಗಲೆಲ್ಲ ನನ್ನನ್ನು ಹಿಡಿದು ಮೇಲೆ ತರುತ್ತಿದ್ದರು.

ಬಳಗದ ಕಾನೂನು ಎರಡೇ. ಜೋಡಿ ಇಲ್ಲದೆ ಯಾರೂ ನೀರಿಗೆ ಇಳಿಯಬಾರದು. ನನ್ನ ಜೋಡಿ ತಾನೇ ಎಂದು ಇಮಾಮಸಾಬ ಮೊದಲ ದಿನವೇ ಹೇಳಿದ್ದ. ಎರಡನೆಯದು, ಬೆನ್ನಿನ ಸಿಲಿಂಡರಿನಿಂದ ಬರುವ ಗಾಳಿಯನ್ನು ಎಳೆದು ಬಿಡುತ್ತಲೇ ಇರಬೇಕು, ಉಸಿರು ಹಿಡಿಯಬಾರದು. "ಉಸಿರು ಹಿಡದು ಮ್ಯಾಲ ಬಂದ್ರ ಎದಿ ಒಡಿತೈತ್ರಿ. ಬಿಡಕೋತ ಇರಬೇಕು." ನನಗೆ ಆಗದಿದ್ದದ್ದು ಇದೇ. ಮಗ್ಗದಲ್ಲಿ ಎಳೆ ಕಡಿದಾಗ ಉಸಿರು ಬಿಗಿಹಿಡಿದೇ ಗಂಟು ಹಾಕಬೇಕೆಂದು ನಮ್ಮಪ್ಪ ಕಲಿಸಿದ್ದ. ಉಸಿರು ತಾಗಿದರೆ ರೇಷ್ಮೆಯ ಎಳೆ ಅಲುಗುತ್ತದೆ. ಏನೇ ನಾಜೂಕಿನ ಗಳಿಗೆ ಬಂದರೂ ನನ್ನ ಎದೆ ತಾನಾಗಿ ನಿಂತುಬಿಡುತ್ತದೆ.

ಒಂದು ಭಾನುವಾರ ಕೊಳದ ತಳದಲ್ಲಿ ಕೂತಿದ್ದೆ. ನನ್ನ ಉಸಿರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅಭ್ಯಾಸಬಲದಿಂದ ಉಸಿರು ಹಿಡಿದೆ. ಆ ಸದ್ದೂ ನಿಂತಿತು. ಅಂಥ ನಿಶ್ಶಬ್ದವನ್ನು ನಾನು ಮೊದಲೊಮ್ಮೆ ಕೇಳಿದ್ದೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ಮಧ್ಯಾಹ್ನ, ಸರೋಜಳ ಮಂಚದ ಪಕ್ಕ. ಅವಳ ಉಸಿರು ಬಹಳ ಸಣ್ಣಗಾಗಿತ್ತು. ಅದು ಕೇಳಿಸಲೆಂದು ನಾನು ನನ್ನದನ್ನು ಹಿಡಿದುಕೊಂಡು ಕೂತೆ. ಹಿಡಿದೇ ಕೂತೆ. ಆಮೇಲೆ ಕೇಳಲು ಏನೂ ಇರಲಿಲ್ಲ.

ಕೈಕಾಲು ಬಡಿದೆ. ಇಮಾಮಸಾಬ ನನ್ನ ಎದೆಯ ಪಟ್ಟಿ ಹಿಡಿದು ಮೇಲೆ ತಂದ. ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡು, ಅವನು ಟವೆಲ್ ತರಲು ಹೋದಾಗ, ಯಾರಿಗೂ ಹೇಳದೆ ಒದ್ದೆ ಚಡ್ಡಿಯಲ್ಲೇ ಮನೆಗೆ ಬಂದೆ. ಇನ್ನು ಸಾಕು ಎಂದುಕೊಂಡೆ. ಮುಂದಿನ ಭಾನುವಾರ ನನ್ನ ಫೋನು ಬಂದ್ ಮಾಡಿ, ರಿಪೇರಿಯಾಗಿ ಬಂದಿದ್ದ ಮಿಕ್ಸರಿನ ಮುಂದೆ ನಿಂತೆ.

ಅಷ್ಟರಲ್ಲಿ ಗೂಡಿನಲ್ಲಿ ಸರೋಜಳ ಫೋನು ಹೊಡೆದುಕೊಂಡಿತು.

ತಿಂಗಳುಗಟ್ಟಲೆ ಮೂಕವಾಗಿದ್ದ ಫೋನು. ಮೊದಲು ಬಾಯಿಗೆ ಬಂದ ಮಾತು "ಲೇ ಸರೋಜಾ, ಫೋನು" ಎಂದು. ಕೂಗಿಯೂಬಿಟ್ಟೆ. ಆಮೇಲೆ ನಾನೇ ಎತ್ತಿಕೊಂಡೆ.

"ಅಕ್ಕಾರ, ನಮಸ್ಕಾರ್ರಿ. ನಾ ಇಮಾಮಸಾಬ, ಮೋಟರ್ ಅಂಗಡಿಯಾವ. ಕಾಕಾ ಹೋದ ವಾರ ಹೇಳದ ಕೇಳದ ಹೋದ್ರು, ಇವತ್ತ ಬಂದಿಲ್ಲ, ಅವರ ಫೋನ್ ಹತ್ತವಲ್ದು. ಆರಾಮ ಅದಾರೋ ಇಲ್ಲೋ?"

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಅಕ್ಕಾರ? ನಿಮ್ಮ ಮೊಣಕಾಲು ಹೆಂಗೈತ್ರಿ ಈಗ?"

"ಇಮಾಮಸಾಬ, ನಾನ."

"ಏ ಕಾಕಾ! ಅಕ್ಕಾರಿಗೆ ಕೊಡ್ರಿ ಫೋನ. ನಿಮ್ಮ ಮ್ಯಾಲ ಫಿರ್ಯಾದಿ ಐತಿ."

"ಅಕಿ ಇಲ್ಲಪಾ."

"ಗುಡಿಗೆ ಹೋಗ್ಯಾರ?"

ಗುಡಿಗೆ ಕಳಿಸಿದವನು ನಾನೇ ಅಲ್ಲವೆ. "ಇಲ್ಲ. ಅಕಿ ತೀರಿಕೊಂಡು ಹದಿನಾಲ್ಕು ತಿಂಗಳಾತು," ಎಂದೆ. ಆ ಮಾತನ್ನು ನನ್ನ ಬಾಯಿಂದ ನಾನು ಆಡಿದ್ದು ಅದೇ ಮೊದಲು. ಅಲ್ಲಿಯವರೆಗೆ ಊರೇ ನನ್ನ ಪರವಾಗಿ ಹೇಳಿ ಮುಗಿಸಿತ್ತು. ಆ ತುದಿಯಲ್ಲಿ ಕೊಳಕ್ಕೆ ಯಾರೋ ಧುಮುಕಿದ ಸದ್ದು ಬಂತು. ಈಗ 'ಪಾಪ' ಎನ್ನುತ್ತಾನೆ ಎಂದು ಕಾದೆ.

"ಕಾಕಾ," ಎಂದ, "ಉಸಿರು ಬಿಡ್ರಿ."

"ಏನು?"

"ಉಸಿರು ಹಿಡದೀರಿ. ಇಲ್ಲಿ ಮಟಾ ತಿಳಿಯಾಕತ್ತೈತಿ. ಮದಲ ಬಿಡ್ರಿ."

ಬಿಟ್ಟೆ. ಹೊರಗೆ ಬಂದದ್ದು ಉಸಿರೊಂದೇ ಅಲ್ಲ. ಎಷ್ಟು ಹೊತ್ತು ಅತ್ತೆನೋ, ಅವನು ಫೋನು ಇಡಲಿಲ್ಲ. ಕಡೆಗೆ, "ಜಲ್ದಿ ಬರ್ರಿ. ಜೋಡಿ ಇಲ್ಲದ ಇಳಿಬಾರದಂತ ಕಾನೂನು ಮಾಡಿ ನಾನ ಕಟ್ಟಿ ಮ್ಯಾಲ ಒಣಗಾಕತ್ತೇನಿ," ಎಂದ.

ಹೋದೆ. ಅರ್ಜಿಯಲ್ಲಿ ಸರೋಜಳ ನಂಬರಿನ ಕೆಳಗೆ ಇಮಾಮಸಾಬ ತನ್ನ ನಂಬರು ಬರೆದುಕೊಂಡ. ಮೇಲಿನದನ್ನು ಹೊಡೆದು ಹಾಕಲಿಲ್ಲ. ಗಿರಿಜಾ ಮೇಡಂ ಮಾತ್ರ ಕೆಂಡವಾಗಿದ್ದರು. "ನಮ್ಮವ್ವ ನಾಲ್ಕು ಸಲ ಒಲಿ ಮುಂದ ಕುಂತು ಎಣ್ಣಿ ಕಾಸ್ಯಾಳ್ರಿ! ಹೊಗಿಗೆ ಕಣ್ಣು ಕೆಂಪಾಗಿದ್ವು. ಖರೆ ಹೇಳಿದ್ರ ನಾವೇನು ನಿಮ್ಮನ್ನ ನೀರಾಗ ಮುಳುಗಸ್ತಿದ್ವಿ?" ಎಂದರು. ಮುಳುಗಿಸುವುದೇ ಈ ಬಳಗದ ಕೆಲಸ ಎಂದು ನೆನಪಾಗಿ ಅವರಿಗೇ ನಗು ಬಂತು, ಕೂಡಲೆ ಕಣ್ಣೊರೆಸಿಕೊಂಡರು. "ನಮ್ಮವ್ವಗ ಇನ್ನೂ ಹೇಳಿಲ್ಲ. ವಾರಾ ಅಕ್ಕಾರನ್ನ ಕೇಳ್ತಾಳ. ನನ್ನ ಕೈಲೆ ಆಗೂದಿಲ್ಲ, ನೀವ ಬಂದು ಹೇಳ್ರಿ."

ನ್ಯಾಯವಾದ ಶಿಕ್ಷೆ. ಅಂಗಡಿಗೆ ಅರ್ಧ ದಿನ ರಜೆ ಹಾಕಿ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಕಲಿಯುತ್ತ ಹೋದೆ. ಒಮ್ಮೆ ಹೇಳಿದ್ದೇನಲ್ಲ, ಎರಡನೆಯ ಸಲ ಸುಲಭ ಎಂದುಕೊಂಡೆ. ಎಣ್ಣೆ ಕಾಸುವ ಅಜ್ಜಿ ಪಡಸಾಲೆಯಲ್ಲಿ ಕೂತಿದ್ದಳು. ನನ್ನನ್ನು ಕುಂಡ್ರಿಸಿ, ಚಹಾ ಕೊಡಿಸಿ, ಮುಖವನ್ನೇ ನೋಡುತ್ತ ಕೇಳಿದಳು: "ಹೆಂಗದಾಳಪಾ ನಿನ್ನ ಹೇಣ್ತಿ? ನಡದಾಡತಾಳೇನು?"

ಗಿರಿಜಾ ಮೇಡಂ ಬಾಗಿಲಲ್ಲಿ ನಿಂತು ನನ್ನನ್ನೇ ದಿಟ್ಟಿಸುತ್ತಿದ್ದರು. ನನ್ನ ಎದೆ, ಎಳೆ ಕಡಿದಾಗಿನಂತೆ, ತಾನಾಗಿ ನಿಂತಿತು.

"ಓಡ್ಯಾಡತಾಳವ್ವಾ," ಎಂದೆ.

ಅಜ್ಜಿ ಮುಖ ಅರಳಿಸಿ ಒಳಗೆ ಹೋದಳು. ಮರಳುವಾಗ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಐದನೆಯ ಬಾಟಲಿ ಇತ್ತು. ಇನ್ನೂ ಬೆಚ್ಚಗಿತ್ತು.