ಮೂವತ್ತು ವರ್ಷ ಯಾರೂ ನಗಬಾರದ ಕೋಟು

ಗಂಡಸರ ಕೋಟು ಹೊಲಿಯುವ ಅಂಗಡಿಯಲ್ಲಿ ನಗೆಯ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಆದರೆ ಅವು ನಡೆಯುವ ಹೊತ್ತಿನಲ್ಲಿ ಅಲ್ಲಿರುವ ಯಾರೊಬ್ಬರೂ ನಗುತ್ತಿರುವುದಿಲ್ಲ; ಎಲ್ಲರೂ ಹೆದರಿರುತ್ತಾರೆ. ಹೊಲಿಸುವವರಿಗೆ ಕನ್ನಡಿಯ ಹೆದರಿಕೆ, ಕತ್ತರಿಸುವವರಿಗೆ ಬಟ್ಟೆಯ ಹೆದರಿಕೆ, ಗಲ್ಲಾದಲ್ಲಿ ಕುಳಿತವಳಿಗೆ ಅವರಿಬ್ಬರದೂ ಹೆದರಿಕೆ.

ಕುಳಿತವಳು ನಾನು. ಮೂವತ್ತೈದು ವರ್ಷ ಕಾಲೇಜಿನಲ್ಲಿ ಗಣಿತ ಬೋಧಿಸಿ ನಿವೃತ್ತಳಾದೆ. ಹಲಸೂರಿನಲ್ಲಿ ತಂದೆಯವರು ತೆರೆದ ಅಂಗಡಿಯನ್ನು ಅಣ್ಣ ನಡೆಸುತ್ತಿದ್ದ. ಅವನ ಕಣ್ಣಿಗೆ ಪೊರೆ ಬಂದಾಗ, "ಕೆಲವು ತಿಂಗಳು ನೀನು ಕೂತ್ಕೊ, ಮಾಸ್ಟರ್ ಇದ್ದಾರಲ್ಲ" ಎಂದ. ಮಾಸ್ಟರ್ ಎಂದರೆ ನಮ್ಮ ಕಟಿಂಗ್ ಮಾಸ್ಟರ್. ಶಿವಾಜಿನಗರದವರು, ಎಪ್ಪತ್ತು ದಾಟಿದವರು, ತಂದೆಯವರ ಕಾಲದಿಂದ ಅದೇ ಮೇಜಿನ ಮುಂದೆ ನಿಂತವರು. ಆ ಕೆಲವು ತಿಂಗಳಲ್ಲಿ ಒಂದೇ ಒಂದು ಕೋಟು ನಮ್ಮಿಬ್ಬರಿಗೂ ಕೊಟ್ಟ ಹೆದರಿಕೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಭುಜ

ಆ ಗ್ರಾಹಕರು ವಿಮಾನದ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಮುದ್ರೆ ಒತ್ತಿ, ಕೂದಲೆಳೆಯಷ್ಟು ತಪ್ಪಿದ್ದರೂ ತಿರಸ್ಕರಿಸುವುದು ಅವರ ವೃತ್ತಿಯಾಗಿತ್ತು. ಈಗ ಹೊಸ ತಿಪ್ಪಸಂದ್ರದಲ್ಲಿ ಸ್ವಂತ ಮನೆ. ಪತ್ನಿಯೊಂದಿಗೆ ಬಂದು, ಹಳೆಯ ಪಂಚೆಯಲ್ಲಿ ಸುತ್ತಿದ ಗಂಟೊಂದನ್ನು ಮೇಜಿನ ಮೇಲೆ ಬಿಚ್ಚಿದರು. ನುಸಿಗುಳಿಗೆಯ ವಾಸನೆಯೊಂದಿಗೆ ಅಪ್ಪಟ ಉಣ್ಣೆಯ ಬೂದುಬಣ್ಣದ ಬಟ್ಟೆ ಹೊರಬಂದಿತು.

"ಇಪ್ಪತ್ತೆರಡು ವರ್ಷದ ಹಿಂದೆ ಇವಳು ತಂದಿದ್ದು. ಆ ಗಿರಣಿ ಈಗ ಇಲ್ಲ ಮೇಡಂ. ಇನ್ನೊಂದು ಗೇಣು ಬೇಕು ಅಂದ್ರೂ ಸಿಗಲ್ಲ" ಎಂದರು.

"ಇಷ್ಟು ವರ್ಷ ಯಾಕೆ ಹೊಲಿಸಲಿಲ್ಲ?"

"ಭಯ" ಎಂದರು ಪತ್ನಿ, ಗಂಡನ ಪರವಾಗಿ.

ಆ ಭಯದ ಮೂಲವನ್ನು ಆಕೆಯೇ ಮೊಬೈಲಿನಲ್ಲಿ ತೋರಿಸಿದರು: ಅವರ ಮದುವೆಯ ಆರತಕ್ಷತೆಯ ಫೋಟೋ. ಕೋಟಿನ ಭುಜಕ್ಕೆ ದಿಂಬು ತುರುಕುತ್ತಿದ್ದ ಕಾಲವದು. ವರನ ಭುಜಗಳು ಗಾಡ್ರೇಜ್ ಬೀರುವಿನಂತೆ ಎರಡೂ ಕಡೆಗೆ ಚಾಚಿದ್ದವು.

"ನೀವೆಲ್ಲಿ?" ಎಂದೆ.

"ಇವ್ರ ಎಡಭುಜದ ಹಿಂದೆ. ನೋಡಿ, ಒಂದು ಕಣ್ಣು ಕಾಣ್ಸುತ್ತಲ್ಲ, ಅದು ನಾನು."

ಪ್ರತಿ ಹಬ್ಬಕ್ಕೂ ನೆಂಟರು ಆ ಫೋಟೋ ನೋಡಿ ನಗುತ್ತಾರಂತೆ. ಈಗ ಮಗಳ ಮದುವೆ. "ಮೇಡಂ, ಆರತಕ್ಷತೆ ಫೋಟೋದಲ್ಲಿ ನನ್ನ ನೋಡಿ ಇನ್ನು ಮೂವತ್ತು ವರ್ಷ ಯಾರೂ ನಗಬಾರದು. ಅಂಥ ಕೋಟು ಆಗುತ್ತಾ?" ಎಂದು ಕೇಳಿದರು.

ನಾನು ಅಧ್ಯಾಪಕಿಯ ಗತ್ತಿನಲ್ಲೇ ವಿವರಿಸಿದೆ. ಎದೆಯ ಮೇಲೆ ಮಡಚುವ ಲ್ಯಾಪೆಲ್ ತೀರ ಅಗಲವಾದರೂ ಹಳತಾಗುತ್ತದೆ, ತೀರ ಸಪೂರವಾದರೂ ಹಳತಾಗುತ್ತದೆ. ಉದ್ದವೂ ಹಾಗೆಯೇ, ಬಿಗಿಯೂ ಹಾಗೆಯೇ. ಎರಡು ಗುಂಡಿ, ತನ್ನದೇ ಭುಜ, ತನ್ನದೇ ಅಳತೆ, ಎಲ್ಲದರಲ್ಲೂ ನಡುವಿನ ಬಿಂದು. ಫ್ಯಾಷನ್ನು ಆ ಬಿಂದುವಿನ ಆಚೀಚೆ ಓಡಾಡುತ್ತಿರುತ್ತದೆ, ಬಿಂದು ಕದಲುವುದಿಲ್ಲ.

ಅವರು ಕಣ್ಣು ಮುಚ್ಚಿ ಕೇಳಿದರು. ಬಳಿಕ ಜೇಬಿನಿಂದ ಪೆನ್ನು ತೆಗೆದು, "ಟಾಲರೆನ್ಸ್ ಎಷ್ಟು ಮೇಡಂ? ಪ್ಲಸ್ಸೆಷ್ಟು, ಮೈನಸ್ಸೆಷ್ಟು?" ಎಂದರು.

ಪೌಣೆ

ಮಾಸ್ಟರ್ ಸಾಮಾನ್ಯವಾಗಿ ತಾವೇ ಅಳೆದು ತಾವೇ ನೆನಪಿಟ್ಟುಕೊಳ್ಳುತ್ತಾರೆ. ಇದು ಎರಡನೆಯ ಅವಕಾಶವಿಲ್ಲದ ಬಟ್ಟೆ, ನೆನಪನ್ನು ನಂಬುವುದು ಬೇಡ, ನೀವು ಕೂಗಿ, ನಾನು ಬರೆದುಕೊಳ್ಳುತ್ತೇನೆ ಎಂದು ಹೇಳಿದವಳು ನಾನೇ.

ಅವರು ಅಳತೆ ಕೂಗುವುದು ದಖನಿ ಉರ್ದುವಿನಲ್ಲಿ. "ತೋಳು, ಸವಾ ಚೌಬೀಸ್" ಎಂದರು. ಸವಾ ಎಂದರೆ ಕಾಲು ಹೆಚ್ಚು. ಇಪ್ಪತ್ನಾಲ್ಕೂ ಕಾಲು ಎಂದು ಬರೆದೆ. "ಭುಜ, ಸಾಡೆ ಸತ್ರಾ." ಸಾಡೆ ಎಂದರೆ ಅರ್ಧ ಹೆಚ್ಚು, ಹದಿನೇಳೂವರೆ. "ಎದೆ, ಪೌಣೆ ಚಾಲೀಸ್." ಕಾಲು, ಅರ್ಧ ಆದ ಮೇಲೆ ಬರುವುದು ಮುಕ್ಕಾಲು ಎಂಬುದಕ್ಕೆ ಯಾರನ್ನಾದರೂ ಕೇಳಬೇಕೇ? ನಲವತ್ತೂ ಮುಕ್ಕಾಲು ಎಂದು ದುಂಡಗೆ ಬರೆದೆ.

ಮೂರು ದಿನಗಳ ನಂತರ ಬಟ್ಟೆಗೆ ಕತ್ತರಿ ಇಡುವ ಮುಹೂರ್ತ. ಇನ್ಸ್‌ಪೆಕ್ಟರರು ಬರುತ್ತೇನೆಂದಿದ್ದರು, ಆದರೆ ನೋಡುವ ಧೈರ್ಯ ಸಾಲದೆ ರಸ್ತೆಯಾಚೆಯ ಹೋಟೆಲಿನಲ್ಲಿ ಕುಳಿತರು. ಮಾಸ್ಟರ್ ನನ್ನ ಪುಸ್ತಕ ನೋಡಿಕೊಂಡು ಸುದ್ದೆಕಲ್ಲಿನಿಂದ ಗೆರೆ ಎಳೆದು, "ಬಿಸ್ಮಿಲ್ಲಾ" ಎಂದು ಕತ್ತರಿ ಆಡಿಸಿದರು. ಉಣ್ಣೆ ಕತ್ತರಿಸುವ ಆ ಸದ್ದು ನನಗೆ ಪರೀಕ್ಷಾ ಕೊಠಡಿಯಲ್ಲಿ ಉತ್ತರಪತ್ರಿಕೆ ಹರಿದ ಸದ್ದಿನಂತೆ ಕೇಳಿಸಿತು.

ಕೆಲಸ ಮುಗಿಯಿತೆಂದು ತಿಳಿಸಿದ ಮೇಲೆ ಇನ್ಸ್‌ಪೆಕ್ಟರರು ಒಳಬಂದು ಒಂದು ಹಾಳೆ ಕೊಟ್ಟರು. ಮನೆಯಲ್ಲಿ ಪತ್ನಿಯಿಂದ ಮೂರು ಸಲ ಅಳೆಸಿಕೊಂಡು, ಸರಾಸರಿ ತೆಗೆದು ಬರೆದದ್ದಂತೆ. "ಸುಮ್ನೆ, ತಾಳೆ ನೋಡೋಕೆ."

ಎದೆ: ಮೂವತ್ತೊಂಬತ್ತೂ ಮುಕ್ಕಾಲು.

ಅವರು ಹೋದ ಮೇಲೆ ಮಾಸ್ಟರಿಗೆ ಆ ಹಾಳೆಯನ್ನೂ ನನ್ನ ಪುಸ್ತಕವನ್ನೂ ತೋರಿಸಿದೆ. ಅವರು ಒಮ್ಮೆ ಪುಸ್ತಕ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

"ಮೇಡಮ್ಮಾ, ಪೌಣೆ ಅಂದ್ರೆ ಕಾಲು ಕಮ್ಮಿ. ಪೌಣೆ ಚಾಲೀಸ್ ಅಂದ್ರೆ ಚಾಲೀಸ್‌ಗೆ ಕಾಲು ಕಮ್ಮಿ. ನೀವು ಕಾಲೇಜಲ್ಲಿ ಏನು ಪಾಠ ಮಾಡ್ತಿದ್ರಿ?"

"ಇತಿಹಾಸ" ಎಂದೆ.

ನನ್ನ ಜೀವಮಾನದಲ್ಲಿ ಹೇಳಿದ ಸುಳ್ಳುಗಳು ಹೆಚ್ಚಿಲ್ಲ, ಅದೊಂದು. ಮಾಸ್ಟರ್ ಬಟ್ಟೆಯನ್ನು ಕೈಯಲ್ಲಿ ಆಡಿಸಿ, ಹೆಚ್ಚಾದ ಒಂದಿಂಚನ್ನು ಪಕ್ಕದ ಹೊಲಿಗೆಯೊಳಗೆ ಅಡಗಿಸಬಹುದೆಂದು ಸಮಾಧಾನ ಹೇಳಿದರು. "ಜಾಸ್ತಿ ಬರೆದ್ರಿ, ಬಚಾವಾದ್ವಿ. ಕಮ್ಮಿ ಬರೆದಿದ್ರೆ, ಮದುವೆ ಮುಗಿಯೋವರೆಗೂ ಆ ಸಾಬ್ ಉಸಿರು ಒಳಗೇ ಇಟ್ಕೋಬೇಕಿತ್ತು."

ಬಗ್ಗದ ಮನುಷ್ಯ

ಮುಂದಿನ ವಾರ ಇನ್ಸ್‌ಪೆಕ್ಟರರು ಒಳಗಿನ ಅಸ್ತರಿನ ಬಣ್ಣ ಆರಿಸುತ್ತಿದ್ದಾಗ, ಗರುಡಾಚಾರ್‌ಪಾಳ್ಯದ ಕಂಪನಿಯೊಂದರಲ್ಲಿ ಕೆಲಸ ಮಾಡುವ ತರುಣನೊಬ್ಬ ಬಂದ. ಬೇರೆಲ್ಲೋ ಹೊಲಿಸಿದ ಕೋಟು. ಎಷ್ಟು ಬಿಗಿಯೆಂದರೆ ಗುಂಡಿಯ ಸುತ್ತ ಬಟ್ಟೆ ನಕ್ಷತ್ರದಂತೆ ಸೆಳೆದುಕೊಂಡಿತ್ತು. ಕುಳಿತುಕೊಳ್ಳಿ ಎಂದೆ. "ಪರವಾಗಿಲ್ಲ ಮೇಡಂ, ನಿಂತೇ ಇರ್ತೀನಿ" ಎಂದ. ಅಷ್ಟರಲ್ಲಿ ಅವನ ಫೋನು ಕೈಜಾರಿ ನೆಲಕ್ಕೆ ಬಿದ್ದು ರಿಂಗಾಗತೊಡಗಿತು. ಅವನು ಅದನ್ನೇ ನೋಡುತ್ತ ನಿಂತ. ಬಗ್ಗಲಿಲ್ಲ.

ಇನ್ಸ್‌ಪೆಕ್ಟರರು ಎತ್ತಿಕೊಟ್ಟರು.

"ಸ್ಲಿಮ್ ಫಿಟ್, ಅಂಕಲ್" ಎಂದ ತರುಣ, ಕ್ಷಮೆ ಕೇಳುವವನಂತೆ. "ಸ್ವಲ್ಪ ಬಿಡಿಸಿಕೊಡ್ತೀರಾ ಮೇಡಂ?"

"ಕೋಟಾ?" ಎಂದೆ.

"ಇಲ್ಲ, ಮೊದ್ಲು ನನ್ನನ್ನ. ಬೆಳಿಗ್ಗೆಯಿಂದ ಬಿಚ್ಚೋಕಾಗ್ತಿಲ್ಲ."

ತೋಳು

ಟ್ರಯಲ್ ದಿನ. ಕಚ್ಚಾ ಹೊಲಿಗೆಯ ಬಿಳಿ ದಾರ, ಸುದ್ದೆಯ ಗೆರೆಗಳು. ಬಲದ ತೋಳು ಮಾತ್ರ ಸೇರಿತ್ತು, ಎಡದ ತೋಳು ಮಾಸ್ಟರ ಕೈಯಲ್ಲಿತ್ತು. ಇನ್ಸ್‌ಪೆಕ್ಟರರು ಕನ್ನಡಿಯ ಮುಂದೆ ಉಸಿರಾಡದೆ ನಿಂತಿದ್ದಾಗ ಪತ್ನಿಯ ಫೋನು ಬಂತು. ಆಕೆಯ ಧ್ವನಿ ನನಗೂ ಕೇಳಿಸಿತು.

"ರೀ, ಎಲ್ಲಿದೀರಿ? ಬೀಗರು ಹೇಳ್ದೆ ಕೇಳ್ದೆ ಬಂದ್ಬಿಟ್ಟಿದಾರೆ! ಮೂರು ಜನ ಸೋಫಾದಲ್ಲಿ ಕೂತಿದಾರೆ!"

ಬೀಗರ ಹೆದರಿಕೆ ಕೋಟಿನ ಹೆದರಿಕೆಯನ್ನು ಮೀರಿಸಿತು. ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಅವರು ಕೋಟಿನ ಸಮೇತ ಹೊರಗೋಡಿ ಆಟೋ ಹತ್ತಿದ್ದರು. ಇನ್ನೊಂದು ಗೇಣು ಸಿಗದ ಆ ಬಟ್ಟೆ, ಬರೀ ಕಚ್ಚಾ ದಾರದ ಮೇಲೆ ನಿಂತು, ರಸ್ತೆಯಲ್ಲಿ ಹೋಗುತ್ತಿತ್ತು.

ಮಾಸ್ಟರ್ ಕೈಯಲ್ಲಿದ್ದ ತೋಳನ್ನು ಮೇಲೆತ್ತಿ ಆಟೋದ ಹಿಂದೆ ಓಡಿದರು. "ಸಾಬ್! ತೋಳು! ತೋಳು ಇಲ್ಲೇ ಇದೆ!"

ಹಲಸೂರಿನ ಬೀದಿಯಲ್ಲಿ ಆ ಕೂಗು ಕೇಳಿದರೆ ಏನಾಗಬೇಕೋ ಅದೇ ಆಯಿತು. ಹೂವು ಮಾರುವಾಕೆ ಬುಟ್ಟಿ ಬಿಟ್ಟು ಎದ್ದಳು. ಬೈಕೊಂದು ನಿಂತಿತು. "ಏನ್ ಗುರು, ಆಕ್ಸಿಡೆಂಟಾ?" "ಯಾರ್ದೋ ತೋಳು ಹೋಯ್ತಂತೆ!" "ಅಯ್ಯೋ, ಕೈ ಎಲ್ಲಿ ಬಿತ್ತು?" "ಆ ತಾತನ ಹತ್ರ ಇದೆಯಂತೆ!" ಯಾರೋ ಆಂಬುಲೆನ್ಸಿಗೆ ಫೋನು ಮಾಡತೊಡಗಿದರು. ಇನ್ನೊಬ್ಬರು ಐಸ್ ತನ್ನಿ, ಐಸಿನಲ್ಲಿಟ್ಟರೆ ಮತ್ತೆ ಹೊಲಿಯಬಹುದು ಎಂದರು.

"ಐಸ್ ಯಾಕೆ? ನಾನೇ ಹೊಲೀತೀನಿ!" ಎಂದರು ಮಾಸ್ಟರ್, ಏದುಸಿರು ಬಿಡುತ್ತ. ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು.

ನಾವಿಬ್ಬರೂ ಇನ್ನೊಂದು ಆಟೋ ಹಿಡಿದು ತಿಪ್ಪಸಂದ್ರ ತಲುಪಿದೆವು. ಹಜಾರದಲ್ಲಿ ಬೀಗರು ಸಾಲಾಗಿ ಕುಳಿತಿದ್ದರು. ಎದುರಿಗೆ, ಒಂದು ತೋಳಿನ ಕೋಟಿನಲ್ಲಿ, ಮೈತುಂಬ ಬಿಳಿ ಗೆರೆಗಳೊಂದಿಗೆ, ಇನ್ಸ್‌ಪೆಕ್ಟರರು ಕಾಫಿ ಕೊಡುತ್ತಿದ್ದರು. ಯಾರೂ ನಗಲಿಲ್ಲ. ವರನ ತಂದೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬಹಳ ವಿನಯದಿಂದ, ಬಹಳ ಅಳುಕಿನಿಂದ ಕೇಳಿದರು:

"ನಮ್ ಕಡೆ ಗಂಡಸರೂ ಹಿಂಗೇ ಹೊಲಿಸ್ಕೋಬೇಕೇನ್ರೀ?"

ಫೋಟೋ

ಆರತಕ್ಷತೆ ನಡೆದದ್ದು ಕೆ.ಆರ್. ಪುರದ ಕಲ್ಯಾಣಮಂಟಪವೊಂದರಲ್ಲಿ. ನಾನೂ ಮಾಸ್ಟರೂ ಕೊನೆಯ ಸಾಲಿನಲ್ಲಿ, ಫಲಿತಾಂಶ ಕಾಯುವವರಂತೆ ಕುಳಿತೆವು. ಇನ್ಸ್‌ಪೆಕ್ಟರರು ವೇದಿಕೆ ಹತ್ತಿದರು. ಆತ್ಮಪ್ರಶಂಸೆ ನನಗೆ ಹಿಡಿಸದು. ಆದರೂ ಹೇಳಲೇಬೇಕು, ಆ ಮಂಟಪದಲ್ಲಿ ಅಂಥ ಕೋಟು ಇನ್ನೊಂದಿರಲಿಲ್ಲ. ಸುತ್ತಲೂ ಮಿಂಚುವ ಜರಿ, ಕೆಂಪು ನೀಲಿ ದೀಪ. ನಡುವೆ ಆ ಶಾಂತವಾದ ಬೂದುಬಣ್ಣ.

ಫೋಟೋಗ್ರಾಫರ್ ಕ್ಯಾಮೆರಾ ಎತ್ತಿದ, ಇಳಿಸಿದ. "ಸಾರ್, ಸಾರ್, ನೀವು ಸ್ವಲ್ಪ ಪಕ್ಕಕ್ಕೆ ಬನ್ನಿ" ಎಂದ.

ಇನ್ಸ್‌ಪೆಕ್ಟರರ ಮುಖ ಬಿಳಿಚಿತು. ಪತ್ನಿ ಯಾರಿಗೋ ಕೈಮುಗಿಯುತ್ತ ಆಚೆ ತಿರುಗಿದ್ದರು. ಇವರು ಮರುಮಾತಾಡದೆ ಇಳಿದು, ನೇರವಾಗಿ ನಮ್ಮ ಬಳಿಗೆ ಬಂದರು.

"ಮೇಡಂ, ಏನೋ ಡಿಫೆಕ್ಟ್ ಇದೆ. ಅವನಿಗೆ ಕಾಣಿಸ್ಬಿಟ್ಟಿದೆ."

ಅಡಗಿಸಿದ ಒಂದಿಂಚು ಹೊರಬಂದಿತೇ? ಮೂವರೂ ಪಕ್ಕದ ಕೋಣೆಗೆ ನುಗ್ಗಿ ಚಿಲಕ ಹಾಕಿಕೊಂಡೆವು. ಟ್ಯೂಬ್‌ಲೈಟಿನ ಕೆಳಗೆ ಅವರನ್ನು ತಿರುಗಿಸಿ ತಿರುಗಿಸಿ ನೋಡಿದೆವು. ಕಾಲರ್ ಸರಿ. ಲ್ಯಾಪೆಲ್ ಸರಿ. ಮಾಸ್ಟರ್ ಮೊಣಕಾಲೂರಿ ಕೆಳಅಂಚಿನ ಸುತ್ತಲೂ ಟೇಪು ಹಿಡಿದರು. ಇನ್ಸ್‌ಪೆಕ್ಟರರು ಒಂದೊಂದು ಅಳತೆಯನ್ನೂ ಎರಡೆರಡು ಸಲ ಕೂಗಿಸಿದರು. ಕೋಟನ್ನು ಬಿಚ್ಚಿಸಿ, ಒಳಮೈ ತಿರುಗಿಸಿ, ಹೊಲಿಗೆ ಹೊಲಿಗೆಯನ್ನೂ ಬೆರಳಲ್ಲಿ ಸವರಿದೆವು. ಹೊರಗೆ ವಾದ್ಯಗೋಷ್ಠಿಯವರು ಕಿವಿ ಕಿತ್ತುಹೋಗುವಂತೆ ಹಾಡುತ್ತಿದ್ದರು. ಮೈಕಿನಲ್ಲಿ ಯಾರೋ ಏನನ್ನೋ ಪದೇಪದೇ ಪ್ರಕಟಿಸುತ್ತಿದ್ದರು. ನಮಗೆ ಗಮನ ಕೊಡಲು ವ್ಯವಧಾನವಿರಲಿಲ್ಲ.

ಸುಮಾರು ಒಂದು ಗಂಟೆಯ ಮೇಲೆ, ದೋಷವಿಲ್ಲವೆಂದು ಮೂವರೂ ಒಪ್ಪಿ ಬಾಗಿಲು ತೆರೆದೆವು. ವೇದಿಕೆ ಖಾಲಿಯಾಗಿತ್ತು. ಎದುರಿಗೆ ಫೋಟೋಗ್ರಾಫರ್ ಕ್ಯಾಮೆರಾವನ್ನು ಚೀಲದೊಳಗಿಡುತ್ತಿದ್ದ.

"ಅಬ್ಬಾ, ಮ್ಯಾನೇಜರ್ ಸಾರ್, ಎಲ್ಲೋಗಿದ್ರಿ? ಎಸಿ ಹಾಕ್ಸಿ, ಜನ ಬೆವೆತು ಹೋದ್ರು. ಆಮೇಲೆ, ಆಗ ಪಕ್ಕಕ್ಕೆ ಬನ್ನಿ ಅಂದಿದ್ದಕ್ಕೆ ಬೇಜಾರ್ ಮಾಡ್ಕೋಬೇಡಿ. ಫ್ಯಾಮಿಲಿ ಫೋಟೋ ಅಲ್ವಾ? ಅದೇನೋ, ಹುಡುಗಿ ಅಪ್ಪ ಕೊನೇವರೆಗೂ ಸಿಗ್ಲೇ ಇಲ್ಲ."

ತಿಂಗಳ ನಂತರ ದಂಪತಿ ಆಲ್ಬಮ್ ತಂದರು. ದಪ್ಪನೆಯ ಪುಟಗಳಲ್ಲಿ ಬೀಗರಿದ್ದರು, ನೆರೆಹೊರೆಯವರಿದ್ದರು, ಅಡುಗೆಯವರಿದ್ದರು. ಇನ್ಸ್‌ಪೆಕ್ಟರರು ಒಂದೇ ಒಂದು ಚಿತ್ರದಲ್ಲಿದ್ದರು: ವೇದಿಕೆಯಿಂದ ಇಳಿಯುತ್ತಿರುವ ಅವರ ಬೆನ್ನು. ಒಂದು ಸುಕ್ಕಿಲ್ಲದ, ನೀಟಾದ ಬೂದು ಬೆನ್ನು.

"ಬಂದೋರೆಲ್ಲ ಈ ಫೋಟೋ ಹತ್ರನೇ ನಿಲ್ತಾರೆ ಮೇಡಂ" ಎಂದರು ಪತ್ನಿ. "ಈ ಮಂಟಪದ ಮ್ಯಾನೇಜರ್ ಎಷ್ಟು ಟಿಪ್‌ಟಾಪಾಗಿದಾರೆ, ನಂಬರ್ ಕೊಡಿ, ನಮ್ ಮಗಂದೂ ಇಲ್ಲೇ ಮಾಡ್ಸೋಣ ಅಂತ ಕೇಳ್ತಾರೆ. ಮೂರು ಜನಕ್ಕೆ ಇವ್ರ ನಂಬರೇ ಕೊಟ್ಟಿದೀನಿ." ಹೇಳಿದವರೇ ಸೆರಗು ಬಾಯಿಗೆ ಒತ್ತಿಕೊಂಡು ಕುರ್ಚಿಯಲ್ಲಿ ಕುಸಿದು ನಗತೊಡಗಿದರು. ನನ್ನ ಸಂಯಮವೂ ಕೈಬಿಟ್ಟಿತು.

ಇನ್ಸ್‌ಪೆಕ್ಟರರು ಗಾಬರಿಯಿಂದ ಆಕೆಯನ್ನು ನೋಡಿದರು, ನನ್ನನ್ನು ನೋಡಿದರು, ಮೆಲ್ಲಗೆ ಮಾಸ್ಟರ ಮೇಜಿಗೆ ಹೋಗಿ ಪಿಸುಗುಟ್ಟಿದರು.

"ಮಾಸ್ಟರ್, ನಿಜ ಹೇಳಿ. ಇವ್ರು ನಗ್ತಿರೋದು ಕೋಟ್ ನೋಡಿನಾ?"

ಮಾಸ್ಟರ್ ಆಲ್ಬಮ್ಮನ್ನು ದೀಪದ ಹತ್ತಿರ ಹಿಡಿದು, ಆ ಬೆನ್ನನ್ನು ಮೇಲಿಂದ ಕೆಳಗಿನವರೆಗೆ ಪರೀಕ್ಷಿಸಿ, ಗಂಭೀರವಾಗಿ ತಲೆಯಾಡಿಸಿದರು.

"ಇಲ್ಲ ಸಾಬ್, ಹೆದರ್ಕೋಬೇಡಿ. ನಿಮ್ಮನ್ನ ನೋಡಿ."