ಕಾವಿಗೆ ಕೂತ ಎಂಜಿನಿಯರ್

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು 'ಕಂಪ್ಯೂಟರ್' ಎಂದಷ್ಟೇ ಹೇಳಿ ಮಾತು ಬದಲಿಸುತ್ತೇನೆ. ಬಿಡಿಸಿ ಹೇಳಲು ಹೋದಾಗ ಎರಡು ಮದುವೆಮನೆಗಳಲ್ಲಿ ಪಕ್ಕದ ಎಲೆಯವರು ಪಾಯಸ ಬರುವ ಮುಂಚೆಯೇ ಎದ್ದು ಹೋಗಿದ್ದಾರೆ. ನೀವು ಏಳುವುದಿಲ್ಲ ಎಂಬ ಧೈರ್ಯದ ಮೇಲೆ ಹೇಳುತ್ತೇನೆ. ಯಂತ್ರಗಳ ಹೊಟ್ಟೆಯಲ್ಲಿ ಉಗುರಿನಷ್ಟು ದೊಡ್ಡ ಚಿಪ್ ಇರುತ್ತದೆ. ಅದರೊಳಗೆ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್, ಅದಕ್ಕೆ 'ರಿಯಲ್ ಟೈಮ್' ಎಂಬ ಬಿರುದು. ಅಂದರೆ ಹೇಳಿದ ಕೆಲಸ ಹೇಳಿದ ಗಳಿಗೆಗೇ ಮುಗಿಯಬೇಕು. ತಡವಾಗಿ ಬಂದರೆ ಸರಿ ಉತ್ತರವೂ ತಪ್ಪೇ. ಆ ಚಿಪ್ಪಿನಲ್ಲಿ ಕೂತು ಪ್ರೋಗ್ರಾಮು ಬರೆಯಲು ಜಾಗವಿಲ್ಲ. ಆದ್ದರಿಂದ ಲ್ಯಾಪ್‌ಟಾಪಿನಲ್ಲಿ ಭಾರೀ ತಂತ್ರಾಂಶವೊಂದನ್ನು ಹಾಕಿಕೊಂಡು, ಅಲ್ಲೇ ಬರೆದು, ತಿದ್ದಿ, ಒಂದು ವೈರಿನಲ್ಲಿ ಚಿಪ್ಪಿಗೆ ಇಳಿಸುತ್ತೇವೆ. ಕೊಯಮತ್ತೂರಿನ ಕಂಪನಿಯೊಂದರಲ್ಲಿ ಹನ್ನೆರಡು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಬೇಕಾದಷ್ಟು ಅಹಂಕಾರವೂ ಬಂದಿತ್ತು. ಅದು ಇಳಿದದ್ದು ಪಣಕಹಳ್ಳಿಯಲ್ಲಿ, ನಮ್ಮಕ್ಕ ಮಾದೇವಮ್ಮನ ಮನೆಯಲ್ಲಿ, ಊರ ಮಾತಿನಲ್ಲಿ ಹಟ್ಟಿಯಲ್ಲಿ.

ಅಕ್ಕನ ಕೋಳಿಗೂಡಿಗೆ ಕಾಡುಬೆಕ್ಕು ನುಗ್ಗಿ ಒಂದನ್ನೂ ಉಳಿಸಲಿಲ್ಲ. ಅವು ನಮ್ಮವ್ವ ಸಾಕಿದ ಕೋಳಿಗಳ ಸಂತತಿ. ಅವ್ವ ಹೋದ ಮೇಲೆ ಅಕ್ಕ ಯಾವ ಒಡವೆಯನ್ನೂ ಕೇಳಲಿಲ್ಲ, ಬುಟ್ಟಿಯಲ್ಲಿ ಒಂದು ಹೇಂಟೆಯನ್ನು ಎತ್ತಿಕೊಂಡು ಹೋಗಿದ್ದಳು. ಈಗ ಉಳಿದದ್ದು ರಾಗಿ ಕುಕ್ಕೆಯೊಳಗೆ ಜೋಡಿಸಿಟ್ಟಿದ್ದ ಇಪ್ಪತ್ತೇಳು ಮೊಟ್ಟೆ. ಊರಲ್ಲಿ ಆ ವಾರ ಕಾವಿಗೆ ಬಂದ ಕೋಳಿ ಒಂದೂ ಇರಲಿಲ್ಲ. ಫೋನಿನಲ್ಲಿ ಅಕ್ಕ ಅಳಲಿಲ್ಲ, ಆದರೆ ಮೊಟ್ಟೆಗಳ ಲೆಕ್ಕವನ್ನು ಎರಡು ಸಲ ಹೇಳಿದಳು. ನನಗೆ ತಡೆಯಲಾಗಲಿಲ್ಲ. "ನಾನು ಕಾವು ಕೊಡೋ ಪೆಟ್ಟಿಗೆ ಮಾಡಿಕೊಂಡು ಬರ್ತೀನಿ" ಎಂದುಬಿಟ್ಟೆ.

ಥರ್ಮಾಕೋಲ್ ಪೆಟ್ಟಿಗೆ, ಬಿಸಿ ಕೊಡಲು ಬಲ್ಬು, ಮೊಟ್ಟೆ ಹೊರಳಿಸಲು ಸಣ್ಣ ಮೋಟಾರು, ಎಲ್ಲವನ್ನೂ ಆಳಲು ನನ್ನ ಚಿಪ್ಪು. ಮನೆಯಿಂದಲೇ ಕೆಲಸ ಮಾಡುವ ಅನುಮತಿ ಪಡೆದು ಬಂದು, ಲ್ಯಾಪ್‌ಟಾಪು ಸಿಕ್ಕಿಸಿ ಚಾಲೂ ಮಾಡಿದೆ. ಅಕ್ಕ ಮೊಟ್ಟೆಗಳ ನಡುವೆ ಒಂದು ಕಬ್ಬಿಣದ ಮೊಳೆ ಇಟ್ಟಳು. ಗುಡುಗಿಗೆ ಮೊಟ್ಟೆ ಕೆಡಬಾರದಲ್ಲ. ಹದಿನಾಲ್ಕು ದಿನ ಬಿಸಿ ಒಂದು ಕೂದಲೆಳೆಯಷ್ಟೂ ಅತ್ತಿತ್ತ ಆಗಲಿಲ್ಲ. ನೋಡಲು ಬಂದವರಿಗೆಲ್ಲ ನಾನು ರಿಯಲ್ ಟೈಮ್ ಎಂದರೇನೆಂದು ವಿವರಿಸಿದೆ. ಅವರು ಮೊಟ್ಟೆ ನೋಡಿಕೊಂಡು ಹೋದರು.

ಹದಿನೈದನೆಯ ದಿನ ಕಂಪನಿ ಕರೆಯಿತು. ಚೀಲ ಕಟ್ಟಿ, ವೈರು ಕಿತ್ತು, ಚಪ್ಪಲಿ ಮೆಟ್ಟುವಷ್ಟರಲ್ಲಿ ಒಳಗಿನಿಂದ ಅಕ್ಕ ಕೂಗಿದಳು.

"ಏನ್ಲಾ ಇದು, ಪೆಟ್ಗ ತಣ್ಗಾಯ್ತಾ ಅದ."

ಓಡಿ ಬಂದು ನೋಡಿದರೆ ಬಲ್ಬು ಆರಿದೆ. ತಟ್ಟೆ ಅರ್ಧ ಹೊರಳಿ ನಿಲ್ಲುತ್ತದೆ, ಮತ್ತೆ ಮೊದಲಿಂದ ಹೊರಳುತ್ತದೆ, ಮತ್ತೆ ನಿಲ್ಲುತ್ತದೆ. ಚೀಲ ಬಿಚ್ಚಿ ಮತ್ತೆ ವೈರು ಸಿಕ್ಕಿಸಿದೆ. ಬಲ್ಬು ಹೊತ್ತಿಕೊಂಡಿತು. ಕಿತ್ತೆ, ಆರಿತು. ಸಿಕ್ಕಿಸಿದೆ, ಹೊತ್ತಿತು. ನಾನು ಮೊಳೆಯ ಮೇಲೆ ತಪ್ಪು ಹೊರಿಸಿದೆ. ಅಕ್ಕ ಮೊಳೆ ತೆಗೆದಳು. ಆದರೂ ವೈರು ಕಿತ್ತರೆ ಆರುತ್ತಿತ್ತು. ಅವಳು ಮೊಳೆಯನ್ನು ಮತ್ತೆ ಒಳಗಿಟ್ಟು ನನ್ನ ಮುಖ ನೋಡಿದಳು.

ಬಸ್ಸು ಹೋಯಿತು. ನಾನು ಪೆಟ್ಟಿಗೆಯ ಪಕ್ಕ ಚಾಪೆ ಹಾಸಿ ಕೂತೆ. ಕಂಪನಿಯ ಲ್ಯಾಪ್‌ಟಾಪನ್ನು ಬಿಟ್ಟು ಹೋಗುವಂತಿಲ್ಲ. ಬಿಟ್ಟರೂ ಅದು ಬೆಳಿಗ್ಗೆ ಸಂಜೆ ನನ್ನ ಪಾಸ್‌ವರ್ಡ್ ಕೇಳುವ ಜಾತಿಯದು, ಹೊಡೆಯದಿದ್ದರೆ ನಿದ್ದೆ ಹೋಗುತ್ತದೆ. ದಿನಕ್ಕೊಮ್ಮೆ ಎದ್ದು ಮುದ್ದೆ ಉಂಡು, ಹಿತ್ತಿಲಿಗೆ ಹೋಗಿ, ಮತ್ತೆ ಬಂದು ಕೂರುವುದು. ಹೇಂಟೆಗಳೂ ಹೀಗೇ ಮಾಡುತ್ತವೆ ಎಂಬುದು ನನಗೆ ಹೊಳೆಯುವ ಮೊದಲೇ ಊರಿಗೆ ಹೊಳೆದಿತ್ತು. ನಾನು ಹಿತ್ತಿಲಲ್ಲಿದ್ದಾಗ ಮ್ಯಾನೇಜರ್ ಫೋನ್ ಮಾಡಿದ್ದರಂತೆ. ಅಕ್ಕ ತನ್ನ ಹರಕು ತಮಿಳಿನಲ್ಲಿ, ಅವನು ಕಾವಿಗೆ ಕೂತಿದ್ದಾನೆ, ಇನ್ನೂ ಆರು ದಿನ ಏಳುವುದಿಲ್ಲ ಎಂದು ತಿಳಿಸಿದ್ದಳು. ಆಮೇಲೆ ಅವರು ಫೋನ್ ಮಾಡಲಿಲ್ಲ.

ಮೂರನೆಯ ದಿನ ತಪ್ಪು ಸಿಕ್ಕಿತು, ನನ್ನದೇ. ಇಂಥ ಚಿಪ್ಪುಗಳಲ್ಲಿ 'ಕಾವಲುನಾಯಿ' ಎಂಬ ಗಡಿಯಾರವಿರುತ್ತದೆ. ಎರಡೆರಡು ಸೆಕೆಂಡಿಗೊಮ್ಮೆ ಪ್ರೋಗ್ರಾಮು ಅದರ ತಲೆ ಸವರಬೇಕು. ಸವರದಿದ್ದರೆ ಒಳಗೆ ಏನೋ ಕೆಟ್ಟಿದೆಯೆಂದುಕೊಂಡು ಅದು ಎಲ್ಲವನ್ನೂ ನಿಲ್ಲಿಸಿ ಮೊದಲಿಂದ ಶುರು ಮಾಡಿಸುತ್ತದೆ. ನಾನು ಬರೆದ ಮೊಟ್ಟೆ ಹೊರಳಿಸುವ ಕೆಲಸಕ್ಕೆ ನಾಲ್ಕು ಸೆಕೆಂಡು. ಅಷ್ಟೂ ಹೊತ್ತು ನಾಯಿಯನ್ನು ಸವರುವವರಿಲ್ಲ. ಶುರುವಾದೊಡನೆ ಮೊದಲ ಕೆಲಸವೇ ಹೊರಳಿಸುವುದು, ಹಾಗಾಗಿ ಬಲ್ಬಿನ ಸರದಿ ಬರುವುದೇ ಇಲ್ಲ. ಲ್ಯಾಪ್‌ಟಾಪು ಸಿಕ್ಕಿಸಿದಾಗ ಮಾತ್ರ, ನಮಗೆ ನಿಧಾನವಾಗಿ ಪರೀಕ್ಷೆ ಮಾಡಲು ಆಗಲಿ ಎಂದು, ನಮ್ಮ ತಂತ್ರಾಂಶವೇ ಆ ನಾಯಿಯನ್ನು ಮಲಗಿಸಿರುತ್ತದೆ. ವೈರಿಲ್ಲದೆ ಒಮ್ಮೆ ಓಡಿಸಿ ನೋಡಬೇಕೆಂದು ನಾನು ಹೊಸಬರಿಗೆ ಪಾಠ ಹೇಳುವವನು. ನನಗೆ ಆಗಿದ್ದು ಬರೀ ನಾಚಿಕೆ.

"ಒಂದು ಸಾಲು ಅಕ್ಕ. ಎರಡು ನಿಮಿಷ ನಿಲ್ಲಿಸಿ ತಿದ್ದಿಬಿಡ್ತೀನಿ" ಎಂದೆ.

"ಕಾವ್ಗ ಕೂತಿರೋ ಕೋಳಿಯ ಅರ್ದದಲ್ಲೇ ಯಾರಾರ ಎಬ್ಬುಸ್ತಾರೇನ್ಲಾ? ಅಂಗೇ ಇರ್ಲಿ ಬುಡು" ಎಂದಳು. ನಾನು ಕೀಲಿಮಣೆಯಿಂದ ಕೈ ತೆಗೆದೆ. ತಿದ್ದಿದ್ದು ಕೈಕೊಟ್ಟರೆ ಎಂಬ ಭಯ ನನಗೂ ಇತ್ತು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟು ಹೋಯಿತು. ಜೀರಹಳ್ಳಿ ಕಡೆ ಆನೆ ಮರ ಉರುಳಿಸಿ ಲೈನು ಹರಿದಿದೆ, ಸರಿಯಾಗಲು ಸಂಜೆಯಾಗುತ್ತದೆ ಎಂದು ಸುದ್ದಿ ಬಂತು. ಪೆಟ್ಟಿಗೆಗೆ ಟ್ರ್ಯಾಕ್ಟರ್ ಬ್ಯಾಟರಿ ಇತ್ತು. ಲ್ಯಾಪ್‌ಟಾಪಿಗೆ ಇದ್ದದ್ದು ಅದರ ಮುದಿ ಬ್ಯಾಟರಿ ಮಾತ್ರ. ನಲವತ್ತು, ಮೂವತ್ತೊಂದು, ಇಪ್ಪತ್ತೆರಡು. ಅಕ್ಕನಿಗೆ ಓದು ಬಾರದು, ಆದರೆ ಪರದೆಯ ಮೂಲೆಯಲ್ಲಿ ಬ್ಯಾಟರಿಯ ಅಂಕಿ ಇಳಿಯುತ್ತಿರುವುದು ನನ್ನ ಮುಖದಲ್ಲೇ ಕಾಣುತ್ತಿತ್ತು. ಅವಳು ಪೆಟ್ಟಿಗೆಗೆ ಕಿವಿಯಿಟ್ಟಳು.

"ಒಳ್ಗ ಒಂದು ಕಿಂವ್ ಅಂತ ಅದ ಕಣ್ಲಾ" ಎಂದಳು, ಬಹಳ ಮೆಲ್ಲಗೆ.

ಹದಿಮೂರಕ್ಕೆ ಇಳಿದಾಗ ಅವಳೇ, "ಅದೇನ್ ತಿದ್ದಿಯೋ ತಿದ್ಬುಡು" ಎಂದಳು. ಹೊರಳಿಸುವಾಗಲೂ ನಾಯಿಯ ತಲೆ ಸವರು ಎಂಬ ಸಾಲು ಬರೆದೆ. ಆ ಮಹಾ ತಂತ್ರಾಂಶ ನನ್ನ ಸಾಲನ್ನು ನೋಡುವ ಮೊದಲು, ಹೊಸ ಆವೃತ್ತಿ ಬಂದಿದೆ, ಈಗಲೇ ಹಾಕಿಕೊಳ್ಳಲೇ ಎಂದು ವಿನಯದಿಂದ ಕೇಳಿತು. ನಾನು ಅದಕ್ಕೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅಕ್ಕ ನನ್ನತ್ತ ತಿರುಗಿ ನೋಡಿದಳು. ಒಂಬತ್ತು. ಪ್ರೋಗ್ರಾಮಿನ ಜೋಡಣೆ ಮುಗಿಯಿತು. ಆರು. ಚಿಪ್ಪಿಗೆ ಇಳಿಯತೊಡಗಿತು, ಬಲ್ಬು ಆರಿತು. ಅಕ್ಕ ತನ್ನ ಕಂಬಳಿಯನ್ನು ಪೆಟ್ಟಿಗೆಯ ಮೇಲೆ ಹೊದಿಸಿ ಎರಡೂ ಕೈಯಲ್ಲಿ ಅಪ್ಪಿ ಹಿಡಿದಳು. ನಾಲ್ಕು. ಮುಗಿಯಿತು ಎಂಬ ಅಕ್ಷರ ಬಂದ ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು.

ಕಂಬಳಿ ಸರಿಸಿದೆವು. ತಟ್ಟೆ ಹೊರಳಿತು, ಪೂರ್ತಿ ಹೊರಳಿತು, ನಿಂತಿತು. ಬಲ್ಬು ಹೊತ್ತಿಕೊಂಡಿತು. ಹತ್ತು ನಿಮಿಷ ನಾವಿಬ್ಬರೂ ಅದನ್ನೇ ನೋಡಿದೆವು. ಆರಲಿಲ್ಲ. ನಾನು ವೈರು ಕಿತ್ತು, ಸೊಂಟ ಹಿಡಿದುಕೊಂಡು ಎದ್ದೆ.

"ಯಾಕ್ಲಾ ಎದ್ದಯ್? ಕೂತ್ಕ. ಇನ್ನೆಲ್ಡ್ ದಿನ ಅದ" ಎಂದಳು ಅಕ್ಕ. ಸತ್ತ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಕೂತೆ.

ಇಪ್ಪತ್ತೊಂದನೆಯ ದಿನ ಹತ್ತೊಂಬತ್ತು ಮರಿ ಬಂದವು. ಅವ್ವನ ಹೇಂಟೆಗಿದ್ದ ಕತ್ತಿನ ಮೇಲಿನ ಕಂದು ಮಚ್ಚೆ ಮೂರು ಮರಿಗಳಿಗಿತ್ತು. ಅವನ್ನು ಮಡಿಲಲ್ಲಿ ತುಂಬಿಕೊಂಡು ಕೂತ ಅಕ್ಕನನ್ನು ನೋಡಿ ನನಗೆ ಕಣ್ಣು ತುಂಬಿತು.

ಹೋದ ವಾರ ಫೋನ್ ಮಾಡಿದ್ದಳು. ಪಕ್ಕದ ಹಟ್ಟಿಯವರು ಮೊಟ್ಟೆ ತಂದುಕೊಟ್ಟಿದ್ದಾರೆ, ನೀನು ಯಾವತ್ತು ಬರುತ್ತೀಯ ಎಂದು. ಈಗ ನಾನು ಬೇಕಾಗಿಲ್ಲ, ಪೆಟ್ಟಿಗೆ ತಾನೇ ಎಲ್ಲ ನೋಡಿಕೊಳ್ಳುತ್ತದೆ, ಒಂದು ತಪ್ಪೂ ಉಳಿದಿಲ್ಲ ಎಂದು ಗಂಭೀರವಾಗಿ ಹೇಳಿದೆ.

"ನೋಡ್ಕತದ, ನಾನೇನ್ ಇಲ್ಲ ಅಂದನಾ? ಆದ್ರ ಅದ್ರೊಳ್ಗ ಬರ್ದವ್ನು ನೀನೇ ಅಲ್ವಾ" ಎಂದಳು ಅಕ್ಕ.

ಇಪ್ಪತ್ತೊಂದು ದಿನದ ರಜೆಗೆ ಅರ್ಜಿ ಹಾಕಿದ್ದೇನೆ.