ಕುಂಕುಮವಿಲ್ಲದ ಉಳಿ

"ಈ ಊರ್ನಾಗೆ ಕುಂಕುಮ ಮೆತ್ಕೊಳ್ದೆ ಇರೋ ಉಳಿ ಒಂದಾದ್ರೂ ಐತಾ?"

ಕಿಕ್ಕೇರಿಯ ಬೀದಿಯ ನಡುವೆ ನಿಂತು ಪುಟ್ಟರಾಜು ಕೇಳಿದ. ಕೇಳಿದ್ದು ಯಾರನ್ನೂ ಅಲ್ಲ. ಅಂದು ಆಯುಧಪೂಜೆ, ಊರೆಲ್ಲ ಒಬ್ಬಟ್ಟು ತಿಂದು ಮಲಗಿತ್ತು.

ಬಡಗಿಗಳ ಸಂಘದಲ್ಲಿ ಅವನು ಎರಡು ವರ್ಷದಿಂದ ಕೆಲಸ ಕಲಿಯುತ್ತಿದ್ದ. ಕೊನೆಯ ಪರೀಕ್ಷೆ ಹಿಂದಿನ ದಿನವೇ ಮುಗಿಯಬೇಕಿತ್ತು. ಆದರೆ ಪಾಂಡವಪುರದಿಂದ ಬರುತ್ತಿದ್ದ ಪರೀಕ್ಷಕ ನಂಜಪ್ಪ ಮೇಸ್ತ್ರಿಯ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಅವರು ತಡವಾಗಿ ಬಂದು, ಇದೇ ಊರಿನ ಮಗಳ ಮನೆಯಲ್ಲಿ ಹಬ್ಬಕ್ಕೆ ಉಳಿದರು. ಬೆಳಗ್ಗೆ ಪುಟ್ಟರಾಜು ಹೋಗಿ ಅವರ ಕಾಲಿಗೆ ಬಿದ್ದ.

"ಮೇಸ್ತ್ರಿಗಳೇ, ನಾಳೆ ಕೋಳಿ ಕೂಗೋ ಒತ್ಗೆ ಬೆಳ್ಳೂರು ಕ್ರಾಸಿಂದ ಕಂಟ್ರಾಕ್ಟರ ಲಾರಿ ಒಂಟೋಯ್ತದೆ. ಹಾಸ್ಟೆಲ್ಲಿನ ಬಾಗ್ಲು ಕೆಲ್ಸ, ವರ್ಸ ಪೂರ್ತಿ. ಸಂಘದ ಕಾರ್ಡಲ್ಲಿ ನಿಮ್ ಸೈನು ಇಲ್ದೋರ್ನ ಅತ್ತುಸ್ಕೊಳ್ಳಕಿಲ್ವಂತೆ. ಸಂಜೆ ನಾಗಮಂಗಲದ ಕೊನೇ ಬಸ್ಸು ಇಡೀಬೇಕು ನಾನು."

ನಂಜಪ್ಪ ವಿಭೂತಿ ಸರಿಮಾಡಿಕೊಂಡರು. "ಚೌಕಟ್ಟಿನ ಒಂದ್ ಮೂಲೆ ನನ್ ಕಣ್ಮುಂದೆ ಕೂರ್ಸು. ಮೊಳೆ ಒಡ್ಯಂಗಿಲ್ಲ. ಪೂಜೆಗೆ ಮಡಗಿರೋ ಆಯುಧ ಮುಟ್ಟಿದ್ಯೋ, ಅಲ್ಲಿಗೇ ಫೇಲು."

ಮರ ಕೊಯ್ದು ಉಜ್ಜಿದ್ದಾಗಿತ್ತು. ಒಂದರಲ್ಲಿ ತೂತು ಕೊರೆದು ಇನ್ನೊಂದರ ತುದಿಯನ್ನು ಕೂರಿಸುವುದಷ್ಟೇ ಬಾಕಿ. ಉಳಿಯೊಂದಿದ್ದರೆ ಸಾಕು. ಸಂಘದ ಉಳಿಗಳೆಲ್ಲ ಚೆಂಡುಹೂವಿನಡಿ ಮಲಗಿದ್ದವು. ಅವನ ಸ್ವಂತ ಉಳಿಯ ಮುಂದೆ ತಾಯಿ ಸಿದ್ದಲಿಂಗಮ್ಮ ಕಾವಲು ಕೂತಿದ್ದಳು.

"ಅವ್ವಾ, ಒಂದೇ ಒಂದ್ ಗಳಿಗೆ..."

"ಮುಟ್ಟಿ ನೋಡು, ಕೈ ಕತ್ತರುಸ್ಬುಡ್ತೀನಿ!"

"ಯಾತ್ರಲ್ಲಿ ಕತ್ತರುಸ್ತೀಯವ್ವ? ಮಚ್ಚೂ ಪೂಜೆಗೆ ಮಡಗಿದ್ದೀಯಲ್ಲ."

ಹಾಗೆ ಬೀದಿಗೆ ಬಿದ್ದವನಿಗೆ ಊರೆಲ್ಲ ಅದೇ ಕತೆ. ಕುಡುಗೋಲು, ಈಳಿಗೆಮಣೆ, ಕ್ಷೌರದ ಕತ್ತಿ, ಎಸ್‌ಟಿಡಿ ಬೂತಿನ ಫೋನು ಕೂಡ ಹಾರ ಹಾಕಿಸಿಕೊಂಡು ಹೊಸ ಮದುವೆಗಂಡಿನಂತೆ ಬಿಗಿದು ಕೂತಿದ್ದವು. ಬನ್ನಿಮರಕ್ಕೆ ಆಯುಧ ಕಟ್ಟಿಟ್ಟು ಹೋದ ಪಾಂಡವರಿಗೆ ಕಾಯಲು ವರ್ಷವಾದರೂ ಇತ್ತು. ಇವನಿಗೆ ಸಂಜೆಯ ಬಸ್ಸು.

ಅವನ ಕೂಗಿಗೆ ಎದ್ದು ಬಂದವಳು ಪಕ್ಕದ ಮನೆಯ ಚಿಕ್ಕಬೋರಮ್ಮ. "ಯಾಕ್ಲಾ ಬಡ್ಕೋತೀಯ? ನಮ್ಮೆಜಮಾನ್ರ ಹಳೇ ಉಳಿ ಇತ್ತಲಲ್ಲಿ ಕಡಸಿಗೆ ಗೂಟ ಆಗೈತೆ. ತುಕ್ಕು ಇಡ್ದದೆ ಅಂತ ಪೂಜೆಗೆ ಮಡಗ್ಲಿಲ್ಲ. ಕಿತ್ಕೊಂಡೋಗು."

ಪುಟ್ಟರಾಜು ಓಡಿಹೋಗಿ ಕಿತ್ತ. ಉಳಿ ಕೈಗೆ ಬಂತು, ಕಡಸು ಬೀದಿಗೆ ಹೋಯಿತು. ಸಾಲಾಗಿ ನಿಂತಿದ್ದ ಸೈಕಲ್ಲು, ಲೂನಾಗಳ ಹಾರ, ಬಾಳೆಕಂದುಗಳನ್ನೆಲ್ಲ ಒಂದೊಂದು ಬಾಯಿ ಪ್ರಸಾದವೆಂದು ಸ್ವೀಕರಿಸುತ್ತ ಅದು ಮೆರವಣಿಗೆ ಹೊರಟಿತು. ಈಗ ಊರು ಎಚ್ಚರವಾಯಿತು.

"ಕಿವಿ ಇಡ್ಕಳ್ಲಾ!"

"ಕಿವಿ ಬುಡ್ಲಾ, ಬಾಲ ಇಡ್ಕೋ!"

"ನನ್ ಲೂನಾ ಹಾರ ಯಾರ್ಲಾ ಕೊಡೋರು?"

ಸಲಹೆ ಕೊಟ್ಟವರು ಜಗಲಿಯಿಂದ ಇಳಿಯಲಿಲ್ಲ. ಪುಟ್ಟರಾಜು ಹಗ್ಗ ಹಿಡಿದು, ರಂಗೋಲಿಗಳನ್ನೆಲ್ಲ ಮೈಗೆ ಬಳಿದುಕೊಂಡು, ಬೀದಿಯ ಕೊನೆಯವರೆಗೂ ಎಳೆಸಿಕೊಂಡು ಹೋದ. ಕಡಸನ್ನು ಬೇವಿನ ಮರಕ್ಕೆ ಕಟ್ಟಿ, ಒಗೆಯುವ ಕಲ್ಲಿನ ಮೇಲೆ ಉಳಿ ಮಸೆದು, ಚೌಕಟ್ಟಿನ ಮರ ಹೊತ್ತು ನಂಜಪ್ಪನವರ ಮಗಳ ಮನೆಯ ಜಗಲಿಗೆ ಬರುವ ಹೊತ್ತಿಗೆ ಬಿಸಿಲು ಕೆಂಪಾಗಿತ್ತು. ಊರೂ ಹಿಂದೆಯೇ ಬಂತು.

ಕೊಡತಿಯೂ ಪೂಜೆಯಲ್ಲಿತ್ತು, ಸೌದೆ ತುಂಡಿನಿಂದ ಹೊಡೆದ. ಎಷ್ಟು ಮಸೆದಿದ್ದರೂ ಮೊಂಡಾಗಿಯೇ ಇದ್ದ ಉಳಿ ಮರವನ್ನು ಕೊರೆಯುವ ಬದಲು ಕಚ್ಚುತ್ತಿತ್ತು. ಬೆವರು ಕಣ್ಣಿಗಿಳಿಯಿತು. ಕೊನೆಗೆ ಮರದ ತುದಿಯನ್ನು ತೂತಿಗಿಟ್ಟು, ದೇವರನ್ನು ನೆನೆದು ಒಂದು ಪೆಟ್ಟು ಕೊಟ್ಟ. ಗಟ್ಟಿಯಾಗಿ ಕೂತಿತು.

ನಂಜಪ್ಪ ಎಳೆದರು, ಅಲುಗಿಸಿದರು, ಮೇಲೆ ಹತ್ತಿ ನಿಂತರು.

"ಪಾಸು ಕಣ್ಲಾ!"

ಪುಟ್ಟರಾಜು ಕಾರ್ಡು ಚಾಚಿದ. ನಂಜಪ್ಪನವರ ಕೈ ಜೇಬಿಗೆ ಹೋಗಿ ಅಲ್ಲೇ ನಿಂತಿತು. ಅವರು ಮೆಲ್ಲಗೆ ದೇವರಕೋಣೆಯತ್ತ ತಿರುಗಿದರು. ಅಲ್ಲಿ ಮೊಮ್ಮಕ್ಕಳ ಪುಸ್ತಕಗಳ ಮೇಲೆ ಅವರ ಪೆನ್ನು ಕುಂಕುಮ ಇಟ್ಟುಕೊಂಡು ಮಲಗಿತ್ತು.

"ಪೆನ್ನೂ ಮಡಗ್ಬುಟ್ಟಿವ್ನಿ ಕಣಪ್ಪ. ನಾಳೆ ಪೂಜೆ ಮಾಡೇ ಎತ್ಬೇಕು."

"ಬೇರೆ ಯಾರಾದ್ರೂ ಪೆನ್ನು ಕೊಡ್ರಪ್ಪೋ!" ಪುಟ್ಟರಾಜು ಜನರತ್ತ ತಿರುಗಿ ಕೂಗಿದ.

"ನಮ್ಮನೇಲೂ ಪೂಜೆಗೆ ಮಡಗವ್ರೆ."

"ನಮ್ ಐಕ್ಳು ಸೀಸದಕಡ್ಡೀನೂ ಬುಟ್ಟಿಲ್ಲ," ಎಂದಳು ಚಿಕ್ಕಬೋರಮ್ಮ.

ದೂರದಲ್ಲಿ ಕೊನೆಯ ಬಸ್ಸು ಹಾರ್ನ್ ಹೊಡೆಯಿತು. ಪುಟ್ಟರಾಜು ಜಗಲಿಯ ಗೂಡಿನಲ್ಲಿದ್ದ ದೀಪದ ಮಸಿಯನ್ನು ಬೆರಳಲ್ಲಿ ಬಳಿದು ತಂದು, ಅಳುದನಿಯಲ್ಲಿ ಬೇಡಿದ: "ನಿಮ್ ದಮ್ಮಯ್ಯ ಅಂತೀನಿ ಮೇಸ್ತ್ರಿಗಳೇ, ಹೆಬ್ಬೆಟ್ಟಾದ್ರೂ ಒತ್ಬುಡಿ!"

ನಂಜಪ್ಪ ಸುತ್ತ ನೆರೆದಿದ್ದ ಜನರನ್ನು ನೋಡಿದರು, ಆಮೇಲೆ ಆ ಮಸಿಯನ್ನು. ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಕಟ್ಟಿದರು.

"ನಾಲ್ಕನೇ ಕ್ಲಾಸ್ ಓದಿರೋನು ಕಣ್ಲಾ ನಾನು! ಹೆಬ್ಬೆಟ್ಟು ಒತ್ತಕಿಲ್ಲ."